ತುಂಗಾ ಎಂಬಾಕೆ ಇಲ್ಲವೇ ಇಲ್ಲವಂತೆ

ನಾನು ಈ ಲೋಕದಲ್ಲಿ ಇಲ್ಲವೆಂಬ ಸಂಗತಿ ನನಗೆ ತಿಳಿದದ್ದು ಒಂದು ಮಂಗಳವಾರ ಮಧ್ಯಾಹ್ನ, ಉಪ್ಪಿಟ್ಟಿನ ರವೆ ಹುರಿದು ಆರಲು ಬಿಟ್ಟು ಕಂಪ್ಯೂಟರಿನ ಮುಂದೆ ಕೂತಾಗ. ‘ತುಂಗಾ ಎಂಬಾಕೆ ಇಲ್ಲವೇ ಇಲ್ಲ, ಅದು ನಕಲಿ ಹೆಸರು’ ಎಂದು ಯಾರೋ ಬರೆದಿದ್ದರು. ಅದರ ಕೆಳಗೆ ಏಳೆಂಟು ಜನ ‘ನಮಗೂ ಹಾಗೇ ಅನ್ನಿಸಿತ್ತು’ ಎಂದು ತಲೆಯಾಡಿಸಿದ್ದರು. ನಾನು ಮೊದಲು ಮಾಡಿದ ಕೆಲಸವೆಂದರೆ ಎದ್ದು ಹೋಗಿ ರವೆ ಮುಟ್ಟಿ ನೋಡಿದ್ದು. ಬಿಸಿ ಇತ್ತು. ರವೆ ಇದ್ದಮೇಲೆ ಹುರಿದವಳೂ ಇರಬೇಕಲ್ಲ!

ಶಿವಮೊಗ್ಗಕ್ಕೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ನಮ್ಮ ಯಜಮಾನರು ಆಫೀಸಿನ ಕೆಲಸಕ್ಕೆಂದು ವಿನೋಬನಗರದ ಮನೆಗೆ ತಂದ ಕಂಪ್ಯೂಟರು, ಅವರು ಆಫೀಸಿಗೆ ಹೊರಟ ಮೇಲೆ ನನ್ನದಾಗುತ್ತಿತ್ತು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟುತ್ತ ಅಡುಗೆ, ಹೂಗಿಡ, ಮನೆಮದ್ದಿನ ಬಗ್ಗೆ ಹರಟುವ ಒಂದು ಚರ್ಚಾವೇದಿಕೆಗೆ ನಾನೂ ಸೇರಿದ್ದೆ. ಅಲ್ಲಿ ಸ್ವಂತ ಹೆಸರಿನಲ್ಲಿ ಬರೆಯುವವರು ಕಡಿಮೆ. ನಾನು ಹೆಚ್ಚು ಯೋಚಿಸದೆ ನಮ್ಮ ನಲ್ಲಿಯಲ್ಲಿ ಬರುವ ನದಿಯ ಹೆಸರನ್ನೇ ಇಟ್ಟುಕೊಂಡೆ: ತುಂಗಾ. ಕೆಲವು ತಿಂಗಳ ನಂತರ ಭದ್ರಾವತಿಯಿಂದ ಒಬ್ಬಾಕೆ ಬಂದಳು. ಆಕೆಯೂ ಹೆಚ್ಚು ಯೋಚಿಸಿರಲಿಲ್ಲ: ಭದ್ರಾ.

ನಮ್ಮಿಬ್ಬರಿಗೂ ಬೇಗ ಹೊಂದಿಕೆಯಾಯಿತು. ನನ್ನ ‘ಮಾರಾಯ್ತಿ’ ಅವಳಿಗೆ ಅಂಟಿತು, ಅವಳ ‘ಆಮೇಲಿಂದ’ ನನಗೆ ಅಂಟಿತು. ಆದರೆ ಇಬ್ಬರೂ ಒಟ್ಟಿಗೆ ಕೂತು ಹರಟಿದ್ದು ಅಪರೂಪ. ಅದು ಲೋಡ್ ಶೆಡ್ಡಿಂಗಿನ ಕಾಲ. ಮಧ್ಯಾಹ್ನ ನಮ್ಮಲ್ಲಿ ಕರೆಂಟು ಹೋಯಿತೆಂದರೆ ಅವರಲ್ಲಿ ಬರುತ್ತಿತ್ತು. ಯುಪಿಎಸ್ಸು ಕೀಂಯ್ ಎಂದೊಡನೆ ನಾನು ‘ಬರ್ತೀನಿ’ ಎಂದು ಬರೆದು ಎದ್ದುಬಿಡುತ್ತಿದ್ದೆ. ಹೊಸಿಲು ದಾಟುವಾಗ ‘ಹೋಗ್ತೀನಿ’ ಅನ್ನಬಾರದು ಎಂದು ಹೇಳಿಸಿಕೊಂಡು ಬೆಳೆದವಳು ನಾನು. ಕಂಪ್ಯೂಟರಿಗೇನು ಬೇರೆ ಹೊಸಿಲೇ? ನಾನು ಹಾಗೆಂದು ಎದ್ದ ಸ್ವಲ್ಪ ಹೊತ್ತಿಗೆಲ್ಲ ಭದ್ರಾ ‘ಕರೆಂಟ್ ಬಂತು, ಏನು ಸಮಾಚಾರ’ ಎಂದು ಪ್ರವೇಶ ಮಾಡುತ್ತಿದ್ದಳು.

ಇದನ್ನು ‘ಸತ್ಯವಾದಿ’ ಎಂಬ ಹೆಸರಿನ ಮಹನೀಯರೊಬ್ಬರು ಬಹಳ ದಿನದಿಂದ ಕಾದು ನೋಡುತ್ತಿದ್ದರಂತೆ. ಅವರು ಬರೆದದ್ದು ಹೀಗಿತ್ತು: “ಗಮನಿಸಿ. ತುಂಗಾ ಅವರು ‘ಬರ್ತೀನಿ’ ಅಂತ ಹೇಳಿ ಹೋಗ್ತಾರೆ. ತಕ್ಷಣ ಭದ್ರಾ ಬರ್ತಾರೆ. ಕೊಟ್ಟ ಮಾತು ತಪ್ಪಲ್ಲ, ಹೆಸರು ಮಾತ್ರ ತಪ್ಪುತ್ತೆ. ಇಬ್ಬರಿಗೂ ಎಲ್ಲರೂ ಮಾರಾಯ್ತಿಯರೇ. ತುಂಗಾ, ಭದ್ರಾ ಎರಡೂ ಮುಂದೆ ಒಂದೇ ನದಿ ಅಂತ ನಮಗೂ ಭೂಗೋಳ ಗೊತ್ತು ಸ್ವಾಮಿ!”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ವಾದ ಸರಿಯಾಗಿಯೇ ಇತ್ತು. ಇನ್ನೊಬ್ಬರ ಬಗ್ಗೆ ಹೇಳಿದ್ದರೆ ನಾನೂ ನಂಬುತ್ತಿದ್ದೆ.

ಆಮೇಲಿಂದ ಪರೀಕ್ಷೆ ಶುರುವಾಯಿತು. ಶಿವಮೊಗ್ಗದವರಾದರೆ ಹೇಳಿ, ಸಕ್ರೆಬೈಲಿನಲ್ಲಿ ಆನೆಗಳಿಗೆ ಸ್ನಾನ ಮಾಡಿಸುವುದು ಯಾವ ಹೊತ್ತಿಗೆ? ನನಗೆ ಗೊತ್ತಿರಲಿಲ್ಲ. ಮನೆಗೆ ಬಂದ ನೆಂಟರೆಲ್ಲ ಆನೆ ನೋಡಲು ಹೋಗುವಾಗ ಅವರ ಬುತ್ತಿಗೆ ಚಿತ್ರಾನ್ನ ಕಲೆಸುವವಳು ನಾನು. ಆನೆಯ ಸ್ನಾನ ನೋಡುವುದಕ್ಕೆ ನನ್ನ ಸ್ನಾನವೇ ಆಗಿರುವುದಿಲ್ಲ. ಅಷ್ಟರಲ್ಲಿ ಒಂದೇ ಒಂದು ದಿನ ಪ್ರವಾಸ ಬಂದಿದ್ದ ಪರದೇಶದ ಸದಸ್ಯರೊಬ್ಬರು ಉತ್ತರ ಹೇಳಿ, ಗಾಜನೂರು ಅಣೆಕಟ್ಟನ್ನೂ ವರ್ಣಿಸಿ, ನನಗಿಂತ ಹೆಚ್ಚು ಶಿವಮೊಗ್ಗದವರಾಗಿಬಿಟ್ಟರು.

ಅಸಲಿ ಯಾವುದು, ನಕಲಿ ಯಾವುದು ಎಂದು ನೋಡುವ ಉಪಾಯಗಳು ಅಡುಗೆಮನೆಯಲ್ಲಿ ಬೇಕಾದಷ್ಟಿವೆ. ಕಾಳುಮೆಣಸಿನಲ್ಲಿ ಪರಂಗಿ ಬೀಜ ಬೆರೆಸಿದ್ದಾರೆಂದು ಅನುಮಾನ ಬಂದರೆ ನೀರಿಗೆ ಹಾಕಿದರಾಯಿತು, ಬೀಜ ತೇಲುತ್ತದೆ. ಮನುಷ್ಯರನ್ನು ಯಾವ ನೀರಿಗೆ ಹಾಕುವುದು? ಅದೂ ಅಲ್ಲದೆ, ನಾವು ಚಿಕ್ಕವರಿದ್ದಾಗ ‘ನಕಲಿ ಮಾಡಬೇಡ’ ಎಂದರೆ ತಮಾಷೆ ಮಾಡಬೇಡ ಎಂದರ್ಥ. ಮದುವೆಮನೆಯಲ್ಲಿ ಎಲ್ಲರನ್ನೂ ಅಣಕಿಸಿ ನಗಿಸುವ ಒಬ್ಬ ಮಾವನನ್ನು ‘ಬಲು ನಕಲಿ ಮನುಷ್ಯ’ ಎಂದು ಹೊಗಳುತ್ತಿದ್ದರು. ನಗಿಸುವವನ ಹೆಸರು ಮೋಸಗಾರನಿಗೆ ಹೋದದ್ದು ಯಾವಾಗ, ನನಗೆ ಗೊತ್ತೇ ಆಗಲಿಲ್ಲ.

ರಾತ್ರಿ ಊಟಕ್ಕೆ ಬಡಿಸುತ್ತ ಯಜಮಾನರಿಗೆ ಹೇಳಿದೆ. ಅವರು, “ನೀನು ಇದೀಯೋ ಇಲ್ವೋ ಅಂತ ಅವರಿಗೆ ಅನುಮಾನವಾ? ನನಗಂತೂ ಮದುವೆ ಆದಾಗಿಂದ ಒಂದಿನಾನೂ ಬಂದಿಲ್ಲ ಮಾರಾಯ್ತಿ” ಎಂದು ಇನ್ನೊಂದು ಸೌಟು ಹುಳಿ ಹಾಕಿಸಿಕೊಂಡರು.

ವೇದಿಕೆ ನಡೆಸುವವರು ಅಷ್ಟಕ್ಕೆ ಬಿಡಲಿಲ್ಲ. ಎರಡರಲ್ಲಿ ಒಂದು ಹೆಸರನ್ನು ಭಾನುವಾರ ತೆಗೆಯುತ್ತೇವೆ, ಯಾವುದೆಂದು ನೀವೇ ಹೇಳಿ ಎಂದು ತುಂಗಾಳಿಗೂ ಭದ್ರಾಳಿಗೂ ಒಂದೇ ಒಕ್ಕಣೆ ಕಳಿಸಿದರು. ನಾನು ಭದ್ರಾಳ ವಿಳಾಸ ಕೇಳಿಕೊಂಡು ಶನಿವಾರ ಬಸ್ಸು ಹತ್ತಿದೆ. ಬಸ್ಸು ಹೊರಟ ಮೇಲೆ ಇನ್ನೊಂದು ಯೋಚನೆ ಹತ್ತಿತು: ಅಲ್ಲಿ ಹೋದರೆ ಅಂಥ ಮನೆಯೇ ಇಲ್ಲದಿದ್ದರೆ? ನಾನು ಇದ್ದೇನೆಂಬುದಕ್ಕೆ ರವೆಯಾದರೂ ಇತ್ತು. ಅವಳು ಇದ್ದಾಳೆಂಬುದಕ್ಕೆ ನನ್ನ ಹತ್ತಿರ ಏನಿತ್ತು?

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬಾಗಿಲು ತೆಗೆದವಳು ನಾನು ಓದಿದ ಭದ್ರಾ ಅಲ್ಲವೇ ಅಲ್ಲ. ಅಕ್ಷರದಲ್ಲಿ ಅಷ್ಟು ಜೋರಿನವಳು ಎದುರಿಗೆ ಪಿಸುಗುಟ್ಟಿದ ಹಾಗೆ ಮಾತಾಡುತ್ತಿದ್ದಳು. ಹೆಸರು ಸೆಲ್ವಿ.

“ಆ ಹೆಸರೇ ಹಾಕಬಹುದಿತ್ತಲ್ಲ?” ಎಂದೆ.

“ಸೆಲ್ವಿ ಅಂದ್ರೆ ಕನ್ನಡ ಎಲ್ಲಿ ಕಲ್ತೆ ಅಂತಾರಕ್ಕ. ಮನೇಲಿ ತಮಿಳು, ಪಕ್ಕದ ಮನೇಲಿ ತೆಲುಗು, ಶಾಲೇಲಿ ಓದಿದ್ದು ಬರೆದಿದ್ದು ಎಲ್ಲ ಕನ್ನಡ. ಭದ್ರಾ ಅಂದ್ರೆ ಯಾರೂ ಕೇಳಲ್ಲ.” ಕಾಫಿ ಲೋಟ ಕೈಗಿಟ್ಟು, ಸೆರಗಿನ ತುದಿ ನೋಡುತ್ತ ಹೇಳಿದಳು, “ನಂದೇ ತೆಗೀಲಿ ಬಿಡಿ. ನಿಮಗೆ ಅಲ್ಲಿ ಎಲ್ಲರೂ ಗೊತ್ತು. ನಾನು ಶಾಲೆ ಬಿಟ್ಮೇಲೆ ಕನ್ನಡದಲ್ಲಿ ಒಂದು ಸಾಲು ಬರೆದಿರ್ಲಿಲ್ಲ. ಇಷ್ಟು ದಿನ ಬರೆದ್ನಲ್ಲ, ಸಾಕು.”

ಆ ‘ಸಾಕು’ ಸಾಲದು ಎಂಬಂತೆ ಕೇಳಿಸಿತು.

“ಸುಮ್ನಿರೆ ಮಾರಾಯ್ತಿ. ನಂದು ತೆಗೀತಾರೆ. ನನಗೆ ಆನೆ ಸ್ನಾನವೂ ಗೊತ್ತಿಲ್ಲ.”

“ಬೇಡಕ್ಕ.”

“ಬೇಕು.”

ಬಹಳ ಹೊತ್ತು ಇಬ್ಬರೂ ನಾನಿಲ್ಲ, ನಾನಿಲ್ಲ ಎಂದು ಹಠ ಹಿಡಿದೆವು. ಸತ್ಯವಾದಿಗಳು ಕೇಳಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ. ಕೊನೆಗೆ ಸೆಲ್ವಿಯೇ ಇನ್ನೂ ಸಣ್ಣ ದನಿಯಲ್ಲಿ, “ಒಂದೇ ಹೆಸರಲ್ಲಿ ಇಬ್ರೂ ಬರೆದ್ರೆ ತಪ್ಪಾಗುತ್ತಾ ಅಕ್ಕ?” ಎಂದಳು. ತಪ್ಪೋ ಸರಿಯೋ ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ತುಂಗಭದ್ರಾ ಎಂದು ಹೊಸ ಹೆಸರು ಹಿಡಿದರೆ ನಾವೇ ಒಪ್ಪಿಕೊಂಡ ಹಾಗಾಗುತ್ತದೆಂದು ಭದ್ರಾಳನ್ನೇ ಉಳಿಸಿಕೊಂಡೆವು.

ಭಾನುವಾರ ತುಂಗಾ ತೀರಿಕೊಂಡಳು. ಸೋಮವಾರದಿಂದ ಭದ್ರಾ ಬೆಳಿಗ್ಗೆ ನಮ್ಮ ಮಲೆನಾಡಿನ ಪತ್ರೊಡೆ ಮಾಡತೊಡಗಿದಳು, ಮಧ್ಯಾಹ್ನ ತಮಿಳರ ವತ್ತಕೊಳಂಬು. ಒಮ್ಮೆ ಜೋರು ಮಾಡುವಳು, ಒಮ್ಮೆ ಸಮಾಧಾನ ಹೇಳುವಳು. ಯಾರೂ ಏನೂ ಅನ್ನಲಿಲ್ಲ. ಒಬ್ಬಳು ಇಬ್ಬರಾಗಿದ್ದಾಳೆಂದು ಹಿಡಿದವರಿಗೆ ಇಬ್ಬರು ಒಬ್ಬಳಾದದ್ದು ಕಾಣಿಸಲಿಲ್ಲ. ತಿಂಗಳು ಕಳೆದ ಮೇಲೆ ಸತ್ಯವಾದಿಗಳೇ ಬರೆದರು: “ಭದ್ರಾ ಅವರೇ, ಈಗ ನಿಮ್ಮ ಬರಹದಲ್ಲಿ ಒಬ್ಬ ನಿಜವಾದ ವ್ಯಕ್ತಿ ಕಾಣ್ತಾರೆ. ಬಾಣಂತಿ ಸಾರಿನ ಬಗ್ಗೆ ಬರೆದದ್ದಂತೂ ಅನುಭವದಿಂದ ಬಂದದ್ದು.”

ನಾನು ಸೆಲ್ವಿಗೆ ಫೋನು ಮಾಡಿ ಓದಿ ಹೇಳಿದೆ. “ಅದು ನೀವು ಬರೆದಿದ್ದಲ್ವಾ ಅಕ್ಕ?” ಎಂದಳು. “ನೀನಲ್ವಾ?” ಎಂದೆ ನಾನು. ಇಬ್ಬರೂ ಮತ್ತೆ ಮತ್ತೆ ಓದಿದೆವು. ಶುಂಠಿ ಹಾಕಿದ್ದು ನನ್ನ ಹಾಗೆ ಕಂಡಿತು, ಬೆಳ್ಳುಳ್ಳಿ ಹಾಕಿದ್ದು ಅವಳ ಹಾಗೆ. ಯಾರೇ ಬರೆದಿರಲಿ, ಹೊಗಳಿದವರಿಗೆ ಮರ್ಯಾದೆ ಸಲ್ಲಬೇಕಲ್ಲ ಎಂದು ಫೋನಿಟ್ಟು ‘ಧನ್ಯವಾದ’ ಎಂದು ಬರೆದೆ. ಅದರ ಕೆಳಗೇ, ಅದೇ ಹೆಸರಿನಲ್ಲಿ, ಇನ್ನೊಂದು ‘ಧನ್ಯವಾದ’ ಬಂದು ಕೂತಿತು.

“ಒಂದು ಸಲ ಹೇಳಿದ್ರೆ ಸಾಕು ಮೇಡಂ, ನಂಬ್ತೀನಿ” ಎಂದರು ಸತ್ಯವಾದಿಗಳು.