ನಾಲ್ಕು ಬಚ್ಚಲಿಗೆ ಒಂದು ಫ್ಯಾನು

ಟಿಳಕವಾಡಿಯ ಆ ಮನೆಯ ಮಾಲಕರನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ಮೊದಲು ಅವರನ್ನು ಬೈದು ಮುಗಿಸುತ್ತೇನೆ. ನನ್ನ ಪಾಳಿ ಆಮೇಲೆ ಬರುತ್ತದೆ.

ಎಪ್ಪತ್ತರ ದಶಕದ ಕೊನೆಯ ಮಾತು. ಒಂದೇ ಅಂಗಳದ ಸುತ್ತ ಮಾಲಕರದೂ ಸೇರಿ ನಾಲ್ಕು ಸಂಸಾರ, ಹಿತ್ತಲಲ್ಲಿ ಗೋಡೆಗೆ ಗೋಡೆ ಹತ್ತಿಸಿ ಕಟ್ಟಿದ ನಾಲ್ಕು ಬಚ್ಚಲುಮನೆ. ಖಾನಾಪುರದಲ್ಲಿ ಕಟ್ಟಿಗೆ ಕೊರೆಯುವ ಮಿಲ್ಲುಗಳಿಂದ ಚೀಲಗಟ್ಟಲೆ ಹೊಟ್ಟು ಬರುತ್ತಿತ್ತು. ಅದನ್ನು ತಗಡಿನ ಒಲೆಯಲ್ಲಿ ಒತ್ತಿ ತುಂಬಿ ಎಲ್ಲರೂ ಬಚ್ಚಲಲ್ಲೇ ನೀರು ಕಾಯಿಸುವವರು. ಈ ಒಲೆ ಒಮ್ಮೆ ಹತ್ತಿದರೆ ಮಧ್ಯಾಹ್ನದವರೆಗೂ ಒಳಗೊಳಗೇ ಉರಿಯುತ್ತಿರುತ್ತದೆ. ಹೊಗೆ ಹಿಂದಿನ ಕಿಟಕಿಗಳಿಂದ ಹೋಗುತ್ತಿತ್ತು. ಒಂದು ಬೇಸಿಗೆ ಹಿಂದಿನ ಜಾಗದವರು ಆ ಕಿಟಕಿಗಳಿಗೇ ಆನಿಸಿ ಗೋಡೆ ಎಬ್ಬಿಸಿಬಿಟ್ಟರು.

ಮಾಲಕರು ನನ್ನನ್ನು ಕರೆದರು. ನಾನಾಗ ಪಾಲಿಟೆಕ್ನಿಕ್ಕಿನಲ್ಲಿ ಎರಡನೆಯ ವರ್ಷ.

"ಏ ಇಂಜಿನೇರ, ನಾಕ ಬಚ್ಚಲಕ ನಾಕ ಫ್ಯಾನ್ ಬೇಕೇನೋ?"

"ಒಂದ ಸಾಕ್ರೀ" ಎಂದೆ. ಯಾರೂ ನನ್ನ ಕುತ್ತಿಗೆ ಹಿಡಿದು ಹೇಳಿಸಲಿಲ್ಲ. ಒಂದು ಉದ್ದ ತಗಡಿನ ಕೊಳವೆ ನಾಲ್ಕೂ ಬಚ್ಚಲ ಮೇಲಿನಿಂದ ಹಾಯಬೇಕು, ಪ್ರತಿ ಬಚ್ಚಲಿಗೂ ಒಂದು ಕಿಂಡಿ, ತುದಿಗೆ ಒಂದು ಎಕ್ಝಾಸ್ಟ್ ಫ್ಯಾನು. ಗ್ರಾಫ್ ಕಾಗದದ ಮೇಲೆ ಚಂದಾಗಿ ಬರೆದುಕೊಟ್ಟೆ. ಅದನ್ನು ನೋಡಿ ತಗಡಿನ ಕೆಲಸದವನು ತಲೆ ಕೆರೆದುಕೊಂಡ.

"ಸಾಹೇಬ್ರ, ಕಿಂಡಿಗೊಂದ ಮುಚ್ಚಳ ಕುಂದರಸೂಣ್ರಿ. ಫ್ಯಾನ್ ಬಂದ್ ಆತಂದ್ರ ಇವರ ಹೊಗಿ ಅವರ ಬಚ್ಚಲಕ್ಕ ಹೋಗತೈತಿ."

ಅವನು ಸಾಲೆಯ ಮೆಟ್ಟಿಲು ಹತ್ತಿದವನಲ್ಲ, ನಾನು ಓದುತ್ತಿರುವವನು. "ಹೇಳಿದಷ್ಟ ಮಾಡೋ" ಎಂದು ನನಗಿಂತ ಇಪ್ಪತ್ತು ವರ್ಷ ಹಿರಿಯನನ್ನು ಏಕವಚನದಲ್ಲಿ ಗದರಿಸಿದೆ. ನಾಚಿಕೆಗೇಡಿ.

ಸ್ವಿಚ್ಚನ್ನು ಮಾಲಕರು ತಮ್ಮ ಪಡಸಾಲೆಯಲ್ಲಿ ಹಾಕಿಸಿಕೊಂಡರು. ಫ್ಯಾನಿನ ಪಕ್ಕದ ಬಚ್ಚಲು ಅವರದು, ಕಟ್ಟಕಡೆಯದು ನಮ್ಮದು. ತಮ್ಮ ಮನೆಯವರ ಸ್ನಾನ ಮುಗಿಯಿತೋ, ಟಕ್ ಎಂದು ಬಂದ್. ಆದರೆ ಅವರ ಒಲೆ ಉರಿಯುತ್ತಲೇ ಇರುತ್ತಿತ್ತು. ಉಳಿದ ಮೂರು ಮನೆಯವರು ಅವರ ಲೆಕ್ಕದಲ್ಲಿ ಮೂಗೇ ಇಲ್ಲದವರು.

ಆ ವರ್ಷ ಖಾನಾಪುರಕ್ಕೆ ಕೊಟ್ಟಿದ್ದ ಅಕ್ಕ ಹೆರಿಗೆಗೆಂದು ಬಂದಳು. ನಮ್ಮವ್ವ ಪಾರಿಶ್ವಾಡದವಳು. ಬಾಣಂತಿಗೆ ನೀರು ಎರೆಯುವುದರಲ್ಲಿ ಅವಳ ಕೈ ಓಣಿಗೆಲ್ಲ ಹೆಸರುವಾಸಿ. ಬೇರೆ ಜಾತಿಯವರೂ, ಮರಾಠಿ ಮನೆಯವರೂ ಕರೆಯಲು ಬರುತ್ತಿದ್ದರು. ಸ್ವಂತ ಮಗಳ ಬಾಣಂತನವೆಂದರೆ ಕೇಳಬೇಕೇ? ಹೊಗೆ ಬೇಡವೆಂದು ನಮ್ಮ ಒಲೆಯನ್ನು ಅಂಗಳಕ್ಕೆ ಸಾಗಿಸಿ, ಅಲ್ಲೇ ನೀರು ಕಾಯಿಸಿ ಒಳಗೆ ಒಯ್ಯುತ್ತಿದ್ದಳು. ಸ್ಟೂಲ್ ಹತ್ತಿ ಕಿಂಡಿಗೆ ಹಳೆಯ ಹಸಿರು ಸೀರೆಯ ತುಂಡನ್ನೂ ತುರುಕಿದಳು. ನಾನು ಸಿಟ್ಟಾದೆ.

"ಬಾಣಂತಿಗೆ ಗಾಳಿ ಬಡದ್ರ ಆಕಿ ಜೀವನಪೂರ್ತಿ ಅನುಭವಿಸಬೇಕಾಕ್ಕೈತಿ. ನಿನ್ನ ಫ್ಯಾನ್ ನೀನ ಇಟ್ಕೋ" ಎಂದಳು.

ಹೆರಿಗೆಯಾಗಿ ಹತ್ತು ದಿನ ಏನೂ ಆಗಲಿಲ್ಲ. ಹತ್ತನೆಯ ಸಂಜೆ ನನ್ನ ಇಬ್ಬರು ಗೆಳೆಯರು ಫ್ಯಾನು ನೋಡಲು ಬರುವವರಿದ್ದರು. ನನ್ನ ಕಿಂಡಿಯಿಂದ ಅವ್ವನ ಸೀರೆಯ ಚೂರು ಜೋತಾಡುತ್ತಿರುವುದನ್ನು ಅವರು ನೋಡಿ ನಗುವುದು ಬೇಡವಾಗಿತ್ತು. ಕಿತ್ತು ಹಿತ್ತಲ ಕಸದ ಬುಟ್ಟಿಗೆ ಒಗೆದೆ. ಅವ್ವನಿಗೆ ಹೇಳಲಿಲ್ಲ, ಬೈಯುತ್ತಾಳೆಂದು.

ಮರುದಿನ ಬೆಳಿಗ್ಗೆ ಹತ್ತರ ಹೊತ್ತು. ಅಕ್ಕನಿಗೆ ಒಂದು ಹಂಡೆ ನೀರು ಎರೆದು, ಇನ್ನೊಂದನ್ನು ತರಲು ಅವ್ವ ಅಂಗಳಕ್ಕೆ ಬಂದಳು. ಗಾಳಿ ಬಡಿಯಬಾರದೆಂದು ಬಾಗಿಲು ಬಿಗಿಯಾಗಿ ಎಳೆದುಕೊಂಡು ಬಂದಿದ್ದಳು. ನಾನು ಸೈಕಲ್ ಒರೆಸುತ್ತಿದ್ದೆ. ಅವ್ವ ಹೊರಬಂದ ಹೊತ್ತಿಗೇ ಫ್ಯಾನಿನ ಸದ್ದು ನಿಂತಿತ್ತು. ಎರಡನೆಯ ಹಂಡೆ ಕಾಯಲು ತಡವಾಯಿತು. ಅವ್ವ ಹಂಡೆ ಹೊತ್ತು ಹೋದವಳು ಚೀರಿದಳು.

ಅಕ್ಕ ನೆಲದ ಮೇಲೆ ಮುದುಡಿ ಬಿದ್ದಿದ್ದಳು. ಬಚ್ಚಲ ತುಂಬ ಹೊಟ್ಟಿನ ಹೊಗೆ, ನನ್ನ ಕಿಂಡಿಯಿಂದ ಇನ್ನೂ ಇಳಿಯುತ್ತಿತ್ತು. ಅವ್ವ ಸೀರೆ ಹೊದಿಸಿದಳು, ಇಬ್ಬರೂ ಹೊರಗೆ ಎತ್ತಿ ತಂದೆವು. ತುಟಿ ಕಪ್ಪಿಟ್ಟಿತ್ತು. ತೊಟ್ಟಿಲಲ್ಲಿ ಹನ್ನೊಂದು ದಿನದ ಕೂಸು ಅಳುತ್ತಿತ್ತು. ಎಷ್ಟು ಹೊತ್ತು ಗಾಳಿ ಬೀಸಿದೆವೋ, ಕೊನೆಗೆ ಅಕ್ಕ ಕೆಮ್ಮಿ ಕಣ್ಣು ಬಿಟ್ಟಳು.

ಆಗ ಮಾಲಕರು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ಬಂದರು.

"ಏನಾತ್ರೀ ಅಕ್ಕಾರ?"

"ನಂದ ತಪ್ಪರಿ. ಕಿಂಡಿಗೆ ಅರಿವಿ ತುರುಕಿದ್ನಿ. ನಾನ ತುರುಕಿದ್ನಿ" ಎಂದು ಅವ್ವ ಹಣೆ ಬಡಿದುಕೊಂಡಳು.

"ಮತ್ತ! ಗಾಳಿ ಆಡೂ ಕಿಂಡಿ ಮುಚ್ಚಿದ್ರ ಇನ್ನೇನ ಆಕ್ಕೈತಿ? ಓದಿದ ಮಗಾ ಮನ್ಯಾಗ ಅದಾನ, ಅವನ್ನರ ಒಂದ ಮಾತ ಕೇಳಬೇಕೋ ಬ್ಯಾಡೋ?"

ನಮ್ಮ ಒಲೆ ಅಂಗಳದಲ್ಲಿರುವಾಗ ಬಚ್ಚಲಿಗೆ ಹೊಗೆ ಎಲ್ಲಿಂದ ಬಂತೆಂದು ಅಲ್ಲಿ ನಿಂತಿದ್ದ ಒಬ್ಬರೂ ಕೇಳಲಿಲ್ಲ. ಮೇಲೆ ಯಾರೂ ನೋಡಲೂ ಇಲ್ಲ. ಆ ಮನುಷ್ಯನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಬಾರಿಸಿದ್ದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಓದಿದ ಮಗ ಬಾಯಿ ಮುಚ್ಚಿಕೊಂಡು ನಿಂತ. ಅರಿವೆ ಕಾಣದ್ದಕ್ಕೆ, ಗದ್ದಲದಲ್ಲಿ ಯಾರೋ ಕಿತ್ತಿರಬೇಕೆಂದು ಅವ್ವ ತಾನೇ ಸಮಾಧಾನ ಮಾಡಿಕೊಂಡಳು.

ಅಂದಿನಿಂದ ಅವಳು ಯಾವ ಬಾಣಂತಿಗೂ ನೀರು ಎರೆಯಲಿಲ್ಲ. ಕರೆಯಲು ಬಂದವರಿಗೆ "ನನ್ನ ಕೈ ಚಲೋ ಅಲ್ಲವ್ವಾ" ಎಂದು ಹೇಳಿ ಕಳಿಸುತ್ತಿದ್ದಳು. ಆಮೇಲೆ ಕರೆಯುವವರೂ ಇಲ್ಲವಾದರು.

ಐದಾರು ವರ್ಷದ ಮೇಲೆ ಅಕ್ಕ ಎರಡನೆಯ ಬಾಣಂತನಕ್ಕೆ ಬಂದಾಗ ನಾವು ಮಹಾಂತೇಶ ನಗರದಲ್ಲಿದ್ದೆವು. ನೀರು ಎರೆಯಲು ಹೊರಗಿನ ಹೆಣ್ಣುಮಗಳನ್ನು ಗೊತ್ತು ಮಾಡಿದ್ದೆವು. ಬಚ್ಚಲೊಳಗಿಂದ ಅಕ್ಕ ಕೂಗಿದಳು, "ಯವ್ವಾ, ನೀನ ಬಂದ ನೀರ ಎರಿ."

ಅವ್ವ ಬಾಗಿಲ ಹೊರಗೇ ನಿಂತಿದ್ದಳು, ಕೈ ಎರಡೂ ಸೆರಗಿನೊಳಗೆ.

"ತಮ್ಮಾ, ಮ್ಯಾಲ ಕಿಂಡಿ ಒಮ್ಮೆ ನೋಡಿ ಬಾ. ಅರಿವಿ ಗಿರಿವಿ ಇಲ್ಲಲ್ಲಾ?"

ಹೊರಗಿನಿಂದ ಸುತ್ತಿ ಹೋಗಿ ನೋಡಿ ಬಂದೆ.

"ಇಲ್ಲವ್ವಾ" ಎಂದೆ.

ಅವತ್ತೂ ಇರಲಿಲ್ಲ ಎಂದು ಇನ್ನೊಂದು ಮಾತು ಸೇರಿಸಿದ್ದರೆ ಅವಳು ಒಳಗೆ ಹೋಗುತ್ತಿದ್ದಳು.