ಸೋರುವ ಪೈಪಿನ ಕೆಳಗೆ

ಎಲ್ಲರ ಬಾಯಲ್ಲೂ ಪಂಪಕ್ಕನಾಗಿದ್ದ ಆಕೆ, ಇಪ್ಪತ್ತು ವರ್ಷ ಪಂಪ್‌ಹೌಸ್ ನೋಡಿಕೊಂಡರೂ ಯಾರ ಮೇಲೂ ದನಿ ಎತ್ತಿದವಳಲ್ಲ. ಆ ವರ್ಷ ಮಳೆಗಾಲದಲ್ಲೂ ಬಿಸಿಲು ಇಳಿಯದೆ ಹೊರಗಿನ ಕೊಳ ಬತ್ತಿತು. ಕಪ್ಪೆಗಳೆಲ್ಲ ಒಳಗೆ ಸೋರುವ ಪೈಪಿನ ಕೆಳಗೆ ಬಂದು ಮುದುರಿಕೊಂಡವು. ಚರ್ಮ ಒಣಗಿದರೆ ಅವಕ್ಕೆ ಉಸಿರೂ ನಿಲ್ಲುತ್ತದೆಂದು ಬಲ್ಲ ಪಂಪಕ್ಕ ಪೈಪನ್ನು ಬಿಗಿಯದೆ ಬಿಟ್ಟಳು.

"ಇದೇನು, ಕಪ್ಪೆಗಳಿಗೆ ಮಾವನ ಮನೆಯಾ?" ಎಂದು ತಪಾಸಣೆಗೆ ಬಂದ ಮೇಲ್ವಿಚಾರಕ ಬೂಟುಗಾಲಲ್ಲಿ ಒಂದೊಂದನ್ನೇ ಹೊಸಕತೊಡಗಿದ. ಕರುಳು ಗೋಡೆಗೆ ಸಿಡಿಯಿತು.

"ಸಾಕು ಬಿಡಿ ಸಾರ್" ಎಂದು ಎರಡು ಸಲ ಬೇಡಿಕೊಂಡಳು. ಅವನು ನಗುತ್ತ ಮತ್ತೆ ಕಾಲೆತ್ತಿದಾಗ ಕೈಯಲ್ಲಿದ್ದ ಸ್ಪ್ಯಾನರ್ ಬೀಸಿದಳು. ಅವನ ಮೊಣಕಾಲಿನ ಚಿಪ್ಪು ಒಡೆಯಿತು.

"ಕಪ್ಪೆಗೋಸ್ಕರ ಮನುಷ್ಯನ ಕಾಲು ಮುರಿದ್ಯಾ?" ಎಂದು ಪೊಲೀಸರು ಕೇಳಿದರು.

"ನಿಲ್ಲಿಸಿ ಅಂದೆ, ನಿಲ್ಲಿಸ್ಲಿಲ್ಲ."

ಕೆಲಸ ಹೋಗಿ ಆರು ತಿಂಗಳು ಜೈಲಾಯಿತು. ಪೈಪನ್ನು ಅವಳನ್ನು ಹಿಡಿದೊಯ್ದ ಮರುದಿನವೇ ಬಿಗಿದಿದ್ದರು. ಉಳಿದ ಕಪ್ಪೆಗಳು ವಾರದೊಳಗೆ ನೆಲಕ್ಕಂಟಿ ಒಣಗಿದವು.