ಜುಲೇಖಾಬಿಯ ಪ್ರಶ್ನೆಗೆ ಉತ್ತರ ಕೊಡುವವರು

ಕೌದಿ ಹೊದಿಸಿದ ಸ್ಟೂಲೆಂದುಕೊಂಡು ನಾನು ಕೂತದ್ದು ಢಂ ಎಂದಿತು. ಸದ್ದು ನನ್ನದೆಂದು ತಿಳಿದ ವಿದ್ಯಾರ್ಥಿಗಳು ಮರ್ಯಾದೆಯಿಂದ ಮುಖ ತಿರುಗಿಸಿದರು.

“ಏಳ್ರಿ ಸರ, ಅದು ದಮಾಮಿ,” ಎಂದರು ಜುಲೇಖಾಬಿ. “ಕುಂಡ್ರೂದಲ್ಲ, ಬಾರಿಸೂದು.”

ದುಮ್ಮವಾಡದಾಚೆ, ಕಾಡು ಶುರುವಾಗುವಲ್ಲಿ ಅವರ ಮನೆ. ಎಂದೋ ಆಫ್ರಿಕಾದಿಂದ ಬಂದು ನೆಲೆನಿಂತ ಸಿದ್ದಿ ಜನ. ಈ ವರ್ಷ ನಮ್ಮ ವಿಶ್ವವಿದ್ಯಾಲಯದ ನಾಟಕ ವಿಭಾಗ ನಟನೆಯ ಪಠ್ಯದಲ್ಲಿ ಸಿದ್ದಿಗಳ ಹಾಡು-ಕುಣಿತವನ್ನೂ ಸೇರಿಸಿತು. ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ ತಪ್ಪಿಗೆ ಕಲಿಸುವ ಹೊಣೆ ನನ್ನ ತಲೆಗೆ ಬಂತು. ನನಗೆ ಬಾರದ್ದರಿಂದ ಹುಡುಗರನ್ನು ಟೆಂಪೊ ಹತ್ತಿಸಿಕೊಂಡು ಇಲ್ಲಿಗೆ ಬಂದಿದ್ದೆ.

ಜುಲೇಖಾಬಿ ಕೌದಿ ತೆಗೆದು ಮಡಿಸಿಟ್ಟರು. ಹೊಲಿದವರು ಅವರ ನೆಗೆಣ್ಣಿ, ಅಂದರೆ ಓರಗಿತ್ತಿ, ಖೈರುನಬಿ. ಮದುವೆಯಾಗಿ ಬಂದಾಗಿನಿಂದ ಇಬ್ಬರೂ ಎದುರುಬದುರು ಕೂತು ಹಾಡಿದವರು. ಇವರು ಪ್ರಶ್ನೆ ಹಾಕುವುದು, ಆಕೆ ಪ್ರತಿಸಲವೂ ಹೊಸದೊಂದು ಸುಳ್ಳು ಹೊಸೆದು ಉತ್ತರ ಕೊಡುವುದು. ಹೋದ ಮಳೆಗಾಲದಲ್ಲಿ ಖೈರುನಬಿ ತೀರಿಕೊಂಡರು. ಅಂದಿನಿಂದ ದಮಾಮಿಗೆ ಈ ಕೌದಿ.

ಕಲಿಸಲು ಯಾಕೆ ಒಪ್ಪಿದಿರಿ ಎಂದು ಫೋನಿನಲ್ಲೇ ಕೇಳಿದ್ದೆ.

“ಯಾರರ ಒಬ್ಬರು ಉತ್ತರಾ ಕೊಟ್ಟಾರು ಅಂತರಿ.”

ದಮಾಮಿ ಗುಡುಗಿತು. ಜುಲೇಖಾಬಿ ಹಾಡಿದರು:

“ಕಟ್ಟಿಗಿಗೆ ಹೋದಾಕಿ ತಡಾ ಯಾಕ ಮಾಡೀದಿ, ಅಕ್ಕಾ?”

ಹುಡುಗರು ಒಕ್ಕೊರಲಿನಿಂದ ಹಾಡಿದರು: “ಕಟ್ಟಿಗಿಗೆ ಹೋದಾಕಿ ತಡಾ ಯಾಕ ಮಾಡೀದಿ, ಅಕ್ಕಾ?”

ಅವರು ಕಾದರು. ಕೆಮ್ಮಿದರು. ಹುಡುಗರೂ ಕೆಮ್ಮಿದರು. ಗುರು ಮಾಡಿದ್ದನ್ನು ಹಾಗೇ ಮಾಡಬೇಕೆಂದು ಕಲಿಸಿದ ಪುಣ್ಯಾತ್ಮ ನಾನೇ.

“ಎಲ್ಲಾರೂ ಕೇಳಿದ್ರ ಹೇಳಾವ್ರು ಯಾರ್ಲೇ ತಮ್ಮಾ?”

ಅಮೃತಾ, ತರಗತಿಯ ಜಾಣೆ, ಪೆನ್ನು ತೆಗೆದಳು. “ಕರೆಕ್ಟ್ ಉತ್ತರಾ ಯಾವುದ್ರಿ ಅಮ್ಮಾ?”

“ಒಮ್ಮಿ ಕರಡಿ ಜೋಡಿ ಜಗಳಾ ಬಂದಿತ್ತಂದಳು. ಒಮ್ಮಿ ಮರಾನ ಚಾ ಕುಡದು ಹೋಗಂತು ಅಂದಳು. ಅವು ಆಕೀವು. ನಿಂದು ನೀ ಹೇಳಬೇಕವ್ವಾ.”

ಅಮೃತಾ ಕರಡಿಯನ್ನೂ ಮರವನ್ನೂ ಬರೆದುಕೊಂಡಳು.

ಜುಲೇಖಾಬಿ ಮತ್ತೆ ಹಾಡಿದರು. ಈ ಸಲ ಮೆಲ್ಲಗೆ, ಎದುರಿನ ಖಾಲಿ ಜಾಗ ನೋಡುತ್ತ. ಅಲ್ಲಿ ಯಾರೂ ಕೂತಿರಲಿಲ್ಲ. ನಾನು ಬಾಯಿ ತೆರೆದೆ. ಇಷ್ಟು ವರ್ಷ ನಟನೆ ಕಲಿಸಿದವನಿಗೆ ಒಂದು ಸುಳ್ಳೂ ಹೊಳೆಯಲಿಲ್ಲ. ತೆರೆದ ಬಾಯಿಯನ್ನು ಆಕಳಿಸಿದಂತೆ ಮಾಡಿ ಮುಚ್ಚಿದೆ.

ಹೊರಡುವಾಗ ಹುಡುಗರು ಟೆಂಪೊದೊಳಗೆ ಅದೇ ಪ್ರಶ್ನೆ ಹಾಡುತ್ತಿದ್ದರು, ನಡುನಡುವೆ ಕೆಮ್ಮುತ್ತ. ಜುಲೇಖಾಬಿ ದಮಾಮಿಗೆ ಕೌದಿ ಹೊದಿಸಿ ಅಂಚು ಸರಿಮಾಡುತ್ತಿದ್ದರು.

“ಹುಡುಗರು ಏನರ ಕಲತ್ರೇನ್ರಿ?” ಎಂದೆ.

“ಕಲತಾರ್ರಿ. ಕೆಮ್ಮು ಅಗದಿ ನಂದ ಐತಿ.”